ಗಾದಿಲಿಂಗಪ್ಪನ ಪಾತಾಳ ಗರಡಿ

“ಮೂರು ದಿನ ಸಾಕು ತಂಗೆಮ್ಮ. ಮೂರನೇ ದಿನ ಸಂಜಿಕ ಈ ಅಂಗಡ್ಯಾಗ ಒಂದು ನಟ್ಟು ಉಳಿದಿತ್ತಂದ್ರ ನನ್ನ ಹೆಸರು ಹಂಪಯ್ಯ ಅಲ್ಲ.”

ಕುರುಗೋಡಿನ ಪ್ರಾಥಮಿಕ ಶಾಲೆಯ ಮೇಷ್ಟ್ರು ಹಂಪಯ್ಯ ಈ ಪ್ರತಿಜ್ಞೆ ಮಾಡಿದ್ದು ಗೆಳೆಯ ಗಾದಿಲಿಂಗಪ್ಪನ ಸೈಕಲ್ ಅಂಗಡಿಯ ಹೊಸ್ತಿಲ ಮೇಲೆ ನಿಂತು, ಅವನ ಹೆಂಡತಿ ದಾಕ್ಷಾಯಣಮ್ಮನ ಎದುರಿಗೆ. ಅದು ಎಪ್ಪತ್ತಮೂರನೆಯ ಇಸವಿ. ಗಾದಿಲಿಂಗಪ್ಪ ತೀರಿಕೊಂಡು ಆಗ ಹತ್ತೊಂಬತ್ತು ದಿನ. ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಮನೆಗೆ ಅಂಟಿಕೊಂಡೇ ಇದ್ದ ಅಂಗಡಿಯನ್ನು ಬರುವ ತಿಂಗಳಿಂದ ಒಬ್ಬ ಟೈಲರನಿಗೆ ಬಾಡಿಗೆ ಕೊಡುವುದೆಂದು ಮಾತಾಗಿತ್ತು.

ಗೆಳೆಯನಿಗಾಗಿ ಏನಾದರೂ ಮಾಡಬೇಕೆಂಬುದು ಹಂಪಯ್ಯನ ಸಂಕಟ. ಸಾವಿನ ದಿನ ಬಂದವರಿಗೆಲ್ಲ ನೀರು ಕೊಟ್ಟವನು ಅವನೇ. ಕೈಗೆ ಸಿಕ್ಕ ಚೊಂಬು ತಂಬಿಗೆಗಳನ್ನೆಲ್ಲ ತುಂಬಿಕೊಂಡು ಸಂಜೆಯವರೆಗೆ ಓಡಾಡಿದ್ದ. ಆಮೇಲೆ ಸತ್ತವನಿಗೆ ಮಾಡಬಹುದಾದದ್ದು ಏನೂ ಉಳಿಯಲಿಲ್ಲ. ಉಳಿದದ್ದು ಈ ಗುಜರಿ ಒಂದೇ.

ಗುಜರಿ ಸಾಮಾನ್ಯವಾದದ್ದಲ್ಲ. ಇಪ್ಪತ್ತೆರಡು ವರ್ಷ ಊರಿನ ಸೈಕಲ್ಲುಗಳು ಸವೆಸಿ ಬಿಟ್ಟದ್ದೆಲ್ಲ ಅಲ್ಲಿತ್ತು. ಹಲ್ಲು ಸವೆದ ಫ್ರೀವೀಲು, ತುಕ್ಕು ತಿಂದ ಚೈನು, ಸೊಟ್ಟ ರಿಮ್ಮು, ಕುಂಟ ಪೆಡಲು, ಬಾಗಿದ ಬ್ರೇಕ್ ಸಲಾಕೆ. ಒಂದನ್ನೂ ಗಾದಿಲಿಂಗಪ್ಪ ಬಿಸಾಡಿದವನಲ್ಲ. “ಕಬ್ಬಿಣ ಸಾಯಂಗಿಲ್ಲಲೇ ಹಂಪಯ್ಯ, ದಣೀತೈತಿ ಅಷ್ಟ” ಎನ್ನುತ್ತಿದ್ದ. ಒಂದೊಂದನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದ.

ತೊಂದರೆ ಶುರುವಾದದ್ದು ಆ ಪತ್ರಿಕೆಗಳಿಂದ. ಹಂಪಯ್ಯ ಅಕ್ಷರ ಕಂಡರೆ ಬಿಡುವವನಲ್ಲ. ಶೇಂಗಾ ಪೊಟ್ಟಣ ಬಿಚ್ಚಿದರೆ ಶೇಂಗಾ ಕೆಳಗೆ ಸುರಿದು ಪೊಟ್ಟಣ ಓದುವ ಗಿರಾಕಿ. ಪುರಾಣ, ಪಂಚಾಂಗ, ರಸ್ತೆ ಬದಿಯ ಜಾಹೀರಾತು, ಔಷಧಿ ಬಾಟಲಿಯ ಚೀಟಿ ಎಲ್ಲವೂ ಅವನಿಗೆ ಒಂದೇ. “ಅಕ್ಷರ ಕಂಡ್ರ ನಿನಗ ವಸ್ತು ಕಾಣಂಗಿಲ್ಲಲೇ” ಎಂದು ಗಾದಿಲಿಂಗಪ್ಪ ಸಾವಿರ ಸಲ ಹೇಳಿದ್ದ. ಈಗ ಹೇಳುವವನಿರಲಿಲ್ಲ. ಹಂಪಯ್ಯನ ಕಣ್ಣು ಹದಿನೈದು ವರ್ಷದ ಹಿಂದಿನ ಹತ್ತಿಯ ಧಾರಣೆಯನ್ನು ಓದುತ್ತಿತ್ತು, ಕೈ ತನ್ನಷ್ಟಕ್ಕೆ ಚೀಲ ತುಂಬುತ್ತಿತ್ತು. ಮೂರನೇ ದಿನ ಒಂಬತ್ತು ಚೀಲ ಬಸ್ಸಿನ ತಲೆ ಏರಿ ಬಳ್ಳಾರಿಗೆ ಹೋದವು. ಕೌಲ್ ಬಜಾರಿನ ಗುಜರಿ ವ್ಯಾಪಾರಿ ಗಾಳೆಪ್ಪ ತೂಗಿ ದುಡ್ಡು ಕೊಟ್ಟ. ಹಂಪಯ್ಯ ಅದನ್ನು ದಾಕ್ಷಾಯಣಮ್ಮನ ಕೈಗಿಟ್ಟು, ದಿಗ್ವಿಜಯ ಮುಗಿಸಿದ ರಾಜನಂತೆ ಮನೆಗೆ ಹೋಗಿ ಮಲಗಿದ.

ರಾಜ್ಯಭಾರ ಮೂರು ದಿನ ನಡೆಯಿತು. ನಾಲ್ಕನೆಯ ದಿನ, ಹಂಪಯ್ಯ ಖಾಲಿ ಅಂಗಡಿಯ ನೆಲ ಗುಡಿಸುತ್ತಿದ್ದಾಗ, ಓಣಿಯ ಕೊನೆಯ ಮನೆಯ ಊರಮ್ಮ ಕೈಯಲ್ಲಿ ಹಿತ್ತಾಳೆ ಚೊಂಬು ಹಿಡಿದು ಬಂದಳು.

“ಅಕ್ಕಾ, ನಮ್ಮ ಬಕೀಟು ಬಾವಿಗೆ ಬಿತ್ತು. ಗರಡಿ ಕೊಡವ್ವ. ಇಕಾ ಚೊಂಬು.”

ಪಾತಾಳ ಗರಡಿ ಎಂದರೆ ಬಾವಿಗೆ ಬಿದ್ದ ಕೊಡ ಬಕೀಟುಗಳನ್ನು ಹಗ್ಗ ಕಟ್ಟಿ ಮೇಲೆತ್ತುವ ಕೊಕ್ಕೆಗಳ ಗೊಂಚಲು. ಇಡೀ ಓಣಿಗೆ ಇದ್ದದ್ದು ಒಂದೇ, ಗಾದಿಲಿಂಗಪ್ಪ ತನ್ನ ಕೈಯಾರೆ ಮಾಡಿದ್ದು. ಹಲ್ಲು ಹೋದ ಚೈನಿನ ಚಕ್ರ, ಅದರ ಸುತ್ತ ಚೈನಿನ ತುಂಡುಗಳು, ತುಂಡುಗಳ ತುದಿಗೆ ಬ್ರೇಕ್ ಸಲಾಕೆ ಬಾಗಿಸಿದ ಏಳು ಕೊಕ್ಕೆ. ಹಗ್ಗ ಹೊಸೆದುಕೊಳ್ಳದಿರಲೆಂದು ಮೇಲೊಂದು ಹಳೆಯ ಫ್ರೀವೀಲು. ಬಾವಿಯಲ್ಲಿ ತಿರುಗುವಾಗ ಅದು ಟಿಕ್ ಟಿಕ್ ಎನ್ನುತ್ತಿತ್ತು. ಅದನ್ನು ಎರವಲು ಒಯ್ಯುವವರು ಒಂದು ಪಾತ್ರೆಯನ್ನು ಅಡ ಇಡಬೇಕು. ಇದು ಎಲ್ಲ ಊರಿನಲ್ಲಿಯೂ ಇರುವ ಪದ್ಧತಿ. ಗಾದಿಲಿಂಗಪ್ಪನಲ್ಲಿ ಅದು ಶಾಸನ. ಪಾತ್ರೆ ಅಂಗಡಿಯ ಗೋಡೆಯ ಗೂಡಿನಲ್ಲಿ ಕೂತರೆ ಗರಡಿ ಗೂಟದಿಂದ ಇಳಿಯಬೇಕು, ಗರಡಿ ಗೂಟಕ್ಕೆ ಬಂದರೆ ಪಾತ್ರೆ ಹೋಗಬೇಕು. ತಹಸೀಲ್ದಾರರು ಬಂದರೂ ವಿನಾಯಿತಿ ಇಲ್ಲ.

ದಾಕ್ಷಾಯಣಮ್ಮ ಗೂಟ ನೋಡಿದಳು. ಖಾಲಿ. ಗೂಡು ನೋಡಿದಳು. ಅದೂ ಖಾಲಿ.

“ಯಾರೂ ಅಡ ಇಟ್ಟಿಲ್ಲ. ಅಂದ್ರ ಯಾರೂ ಒಯ್ದಿಲ್ಲ,” ಎಂದು ಮೆಲ್ಲಗೆ ಹೇಳಿ ಹಂಪಯ್ಯನ ಕಡೆ ತಿರುಗಿದಳು. “ಅಣ್ಣಾರ…”

ಹಂಪಯ್ಯನ ಕೈಯ ಪೊರಕೆ ನಿಂತಿತು.

“ಮೇಷ್ಟ್ರು ಮಾರಿಬಿಟ್ರೇನು?” ಎಂದಳು ಊರಮ್ಮ. “ಓದಿದೋರು ಗುಜರಿಗೆ ಕೈ ಹಾಕಿದ್ರ ಹಿಂಗ ನೋಡು. ನಮ್ಮ ಬಕೀಟು ಇನ್ನ ಪಾತಾಳದ ಪಾಲು.”

ಅವಳು ಚೊಂಬು ತೆಗೆದುಕೊಂಡು ಹೋದ ಮೇಲೆ ದಾಕ್ಷಾಯಣಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆರಗಿನ ತುದಿ ಮಡಚುತ್ತ ಕೂತು ಹೇಳಿದಳು: “ಹೋಗ್ಲಿ ಬಿಡ್ರಿ ಅಣ್ಣಾರ. ಅಂಗಡಿ ಮುಚ್ಚಿದ ಮ್ಯಾಲ ಈ ಬಾಗಿಲಿಗೆ ಯಾರು ಬರ್ತಾರ? ಗರಡಿ ಒಂದಿತ್ತು. ವಾರಕ್ಕೊಬ್ಬರಾರ ‘ಅಕ್ಕಾ’ ಅಂತ ಬರ್ತಾರ ಅಂದ್ಕೊಂಡಿದ್ದೆ.”

ಮರುದಿನ ಮೊದಲ ಬಸ್ಸಿಗೆ ಹಂಪಯ್ಯ ಬಳ್ಳಾರಿಯಲ್ಲಿದ್ದ. ಹೆಂಡತಿ ಶಿವಬಸಮ್ಮನಿಗೆ ಹೇಳಿದ್ದು “ಸಾಲಿ ಕೆಲಸ ಐತಿ” ಎಂದು. ಗರಡಿ ಕಳೆದೆ ಎಂದು ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ರಜೆ ಹಾಕುವುದು ಸುಲಭ.

ಗಾಳೆಪ್ಪ ರಾಶಿಯ ಮುಂದೆ ಕೂತು ಬೀಡು ಕಬ್ಬಿಣ ಒಂದು ಕಡೆ, ಉಕ್ಕು ಒಂದು ಕಡೆ ಬೇರೆ ಮಾಡುತ್ತಿದ್ದ. ಎಲ್ಲ ಕೇಳಿಸಿಕೊಂಡು ತಲೆ ಆಡಿಸಿದ.

“ಗುಜರಿಗೆ ಬಂದ ಮ್ಯಾಲ ಪೆಡಲೂ ಇಲ್ಲ, ಗರಡಿನೂ ಇಲ್ಲ ಮೇಷ್ಟ್ರೇ. ಎಲ್ಲಾ ಬರೇ ಕಬ್ಬಿಣ. ನಾಳಿ ಲಾರಿ ಬರ್ತೈತಿ, ಭಟ್ಟಿಗೆ ಹೋಗ್ತೈತಿ. ಬೇಕಾದ್ರ ಹುಡುಕ್ಕೋರಿ, ನಂದೇನು ಹರಕತ್ತಿಲ್ಲ.”

ಹಂಪಯ್ಯ ಇಸ್ತ್ರಿ ಮಾಡಿದ ಧೋತರವನ್ನು ಮೇಲೆತ್ತಿ ಕಟ್ಟಿ ರಾಶಿಯೊಳಗೆ ಇಳಿದ. ಮಧ್ಯಾಹ್ನದ ಹೊತ್ತಿಗೆ ಧೋತರ ಯಾವುದು, ಗ್ರೀಸು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ. ಪಕ್ಕದ ವೆಲ್ಡಿಂಗ್ ಅಂಗಡಿಯವರು ಕೆಲಸ ಬಿಟ್ಟು ನೋಡಿದರು. “ಮೇಷ್ಟ್ರಿಗೆ ಪಗಾರ ಸಾಲದಂಗ ಕಾಣತೈತಿ” ಎಂದರು.

ಗರಡಿ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ತನ್ನ ಸೈಕಲ್ಲಿನ ಹಳೆಯ ಸೀಟಿನ ಸ್ಪ್ರಿಂಗು ಸಿಕ್ಕಿತು. ಶಾಲೆಯ ಗೇಟಿಗೆ ಗುದ್ದಿ ಬಾಗಿದ ಮುಂದಿನ ಫೋರ್ಕು ಸಿಕ್ಕಿತು. ಮದುವೆಯ ವರ್ಷ ಮುರಿದ ಪೆಡಲು, ಎರಡು ಹ್ಯಾಂಡಲು, ಮೂರು ಚೈನು. ಹಂಪಯ್ಯ ಎಲ್ಲವನ್ನೂ ಸಾಲಾಗಿ ಜೋಡಿಸಿ ನೋಡಿದ. ತಾನು ಕೊಂಡುಕೊಂಡಿದ್ದ ಸೈಕಲ್ಲು ಪೂರ್ತಿಯಾಗಿ ಅಲ್ಲಿತ್ತು. ಹಾಗಾದರೆ ಇಪ್ಪತ್ತು ವರ್ಷ ತನ್ನದೆಂದು ತುಳಿದದ್ದು ಗಾದಿಲಿಂಗಪ್ಪ ಒಂದೊಂದೇ ತುಂಡು ಹಾಕಿ ಕಟ್ಟಿಕೊಟ್ಟ ಸೈಕಲ್ಲು. ಅವನು ಅದನ್ನು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಹಂಪಯ್ಯ ಆ ಸಾಲಿನ ಮುಂದೆಯೇ ಕುಕ್ಕರಿಸಿದ್ದನ್ನು ನೋಡಿ ಗಾಳೆಪ್ಪ ಚಹಾ ತರಿಸಿದ. “ಸಿರುಗುಪ್ಪದ ಕೆಂಚಣ್ಣ ಅಂತ ಒಬ್ಬ ಸೈಕಲ್ ಅಂಗಡಿಯಾಂವ ಮೊನ್ನೆ ಬಂದಿದ್ದ,” ಎಂದ. “ನಿಮ್ಮ ಚೀಲದಾಗಿಂದ ಚಕ್ರ, ಸಲಾಕಿ, ಚೈನು ಆರಿಸಿಕೊಂಡು ಹೋದ. ಅವನ ಕೇಳಿ ನೋಡ್ರಿ.”

ಚಕ್ರ, ಸಲಾಕಿ, ಚೈನು. ಹಂಪಯ್ಯ ಚಹಾ ಬಿಟ್ಟು ಎದ್ದ. ಮರುದಿನವೂ “ಸಾಲಿ ಕೆಲಸ” ಇತ್ತು. ಶಿವಬಸಮ್ಮ ಗ್ರೀಸಿನ ಧೋತರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಸಾಲ್ಯಾಗ ಈಗ ಏನು ಕಲಿಸಾಕತ್ತೀರಿ?” ಎಂದು ಕೇಳಿದಳು. ಅವನು ಸಿರುಗುಪ್ಪದ ಬಸ್ಸು ಹತ್ತಿದ.

ಕೆಂಚಣ್ಣ ಗಾದಿಲಿಂಗಪ್ಪನ ಜೊತೆ ಕೆಲಸ ಕಲಿತವನು. ಸಾವಿನ ಸುದ್ದಿ ಅವನಿಗೆ ಮುಟ್ಟಿರಲಿಲ್ಲ. ಕೇಳಿದವನು ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು, ಆರಿಸಿ ತಂದದ್ದನ್ನೆಲ್ಲ ಮುಂದೆ ಹರಡಿದ. ಅವನು ಒಯ್ದಿದ್ದರಲ್ಲಿ ಗರಡಿ ಇರಲಿಲ್ಲ, ಬಿಡಿ ಸಾಮಾನಷ್ಟೇ ಇತ್ತು.

“ಇದ ಅವನ ಸಾಮಾನು ಮೇಷ್ಟ್ರೇ, ಇದರಾಗ ಒಂದು ಮಾಡಿಕೊಡ್ತೀನಿ,” ಎಂದ. “ಆದ್ರ ಹಳೇದು ಅಂತ ಸುಳ್ಳು ಹೇಳಬ್ಯಾಡ್ರಿ.”

“ಸುಳ್ಳು ಯಾಕ ಹೇಳ್ಲಿ? ಸುಮ್ಮನ ಕೊಡ್ತೀನಿ, ಅಷ್ಟ,” ಎಂದ ಹಂಪಯ್ಯ. ಓದಿದವರು ಸುಳ್ಳು ಹೇಳುವುದು ಹೀಗೆ.

ಕೆಂಚಣ್ಣನ ಗರಡಿ ಸೊಗಸಾಗಿ ಬಂತು. ಅದೇ ಚಕ್ರ, ಅದೇ ಏಳು ಕೊಕ್ಕೆ. ಎರಡು ದಿನ ಬಿಟ್ಟು ಹೋಗಿ ತಂದ ಹಂಪಯ್ಯ, ಹೊಸದೆಂದು ಕಾಣದಿರಲಿ ಎಂದು ದಾರಿಯಲ್ಲಿ ಅದಕ್ಕೆ ಕೆಮ್ಮಣ್ಣು ತಿಕ್ಕಿ ದಾಕ್ಷಾಯಣಮ್ಮನ ಮುಂದೆ ಇಟ್ಟ. “ಸಿಕ್ತು” ಎಂದ.

ಅವಳ ಮುಖ ಅರಳಿತು. ತಾನೇ ಹಿತ್ತಲಿಗೆ ಹೋಗಿ, ಹಗ್ಗ ಕಟ್ಟಿ, ಬಾವಿಗೆ ಇಳಿಬಿಟ್ಟಳು. ಒಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು ತಿರುಗಿಸಿದಳು. ತಲೆ ಬಾಗಿಸಿ ಕೇಳಿಸಿಕೊಂಡಳು. ಬಾವಿ ಸುಮ್ಮನಿತ್ತು. ಕೆಂಚಣ್ಣ ಅಚ್ಚುಕಟ್ಟಿನ ಕೆಲಸಗಾರ, ತಿರುಗುವ ಜಾಗಕ್ಕೆ ಸಪ್ಪಳವಾಗದ ಬಳೆ ಹಾಕಿದ್ದ.

“ಇದು ಮಾತಾಡಂಗಿಲ್ಲ ಅಣ್ಣಾರ,” ಎಂದಳು.

ಹಂಪಯ್ಯನಿಗೆ ತಡೆಯಲಾಗಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕುಸಿದು ಕೂತು ಎಲ್ಲ ಹೇಳಿದ. ಪತ್ರಿಕೆ ಓದುತ್ತ ಚೀಲ ತುಂಬಿದ್ದು, ರಾಶಿಯಲ್ಲಿ ಹುಡುಕಿದ್ದು, ಕೆಮ್ಮಣ್ಣು ತಿಕ್ಕಿದ್ದು. “ಅವನ ಕೈಯಾಂದು ಒಂದ ಒಂದು ಉಳಿದಿತ್ತು. ಅದನ್ನೂ ನಾನ ಭಟ್ಟಿಗೆ ಹಾಕಿದೆ,” ಎಂದು ಕಣ್ಣೊರೆಸಿಕೊಂಡ. ಸಾವಿನ ದಿನವೂ ಅವನು ಅತ್ತಿರಲಿಲ್ಲ, ನೀರು ಕೊಡುವುದರಲ್ಲಿ ಹೊತ್ತು ಹೋಗಿತ್ತು.

ದಾಕ್ಷಾಯಣಮ್ಮ ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಹತ್ತು ದಿನಗಳಿಂದ ಅವನು ಬಂದಾಗಲೆಲ್ಲ ಕೊಡುತ್ತಿದ್ದ ತಂಬಿಗೆಯೇ. ಹಂಪಯ್ಯ ಗಟಗಟ ಕುಡಿದು ಕೆಳಗಿಡಲು ಹೋದ. ಬಿಸಿಲು ತಂಬಿಗೆಯ ಕೊರಳಿಗೆ ಬಿತ್ತು. ಅಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಿದ್ದವು. ಅಕ್ಷರ ಕಂಡ ಮೇಲೆ ಓದದಿರಲು ಅವನಿಂದಾಗಲಿಲ್ಲ.

‘ಶಿವಬಸಮ್ಮ ಹಂಪಯ್ಯ’.

“ಈ ತಂಬಿಗಿ ನಿಮಗ ಎಲ್ಲಿಂದ ಬಂತು ತಂಗೆಮ್ಮ?”

“ಸತ್ತ ದಿನ ನೀವ ತುಂಬಿ ಕೊಟ್ರಲ್ಲ ಅಣ್ಣಾರ. ನಮ್ಮದಲ್ಲ ಅಂತ ಗೊತ್ತು. ನನಗ ಓದಾಕ ಬರಂಗಿಲ್ಲ. ಯಾರರ ಕೇಳಿಕೊಂಡು ಬರ್ಲಿ ಅಂತ ಇಟ್ಟೀನಿ.”

ಅಂದು ತಾನು ಗಡಿಬಿಡಿಯಲ್ಲಿ ಅಂಗಡಿಯ ಗೂಡಿಗೆ ಕೈ ಹಾಕಿ ಒಂದು ತಂಬಿಗೆ ಎಳೆದುಕೊಂಡದ್ದು ಹಂಪಯ್ಯನಿಗೆ ನೆನಪಾಯಿತು. ಎದ್ದವನು ತನ್ನ ಮನೆಯ ಬಾಗಿಲವರೆಗೆ ನಿಲ್ಲಲಿಲ್ಲ.

“ಗರಡಿ?” ಎಂದಳು ಶಿವಬಸಮ್ಮ, ಅಕ್ಕಿ ಆರಿಸುತ್ತ. “ಹಿತ್ತಲ ಗ್ವಾಡಿಗೆ ಐತಿ ನೋಡ್ರಿ. ದಿನಾ ಅದರ ಬುಡಕ ನಿಂತು ಹಲ್ಲು ತಿಕ್ಕತೀರಲ್ಲ. ಅವರು ತೀರಿಕೊಳ್ಳೋ ಹಿಂದಿನ ಸಂಜಿಕ ನಮ್ಮ ಕೊಡ ಬಿದ್ದಿತ್ತು. ನಿಮಗ ಹೇಳೇ ತಂದೆ, ‘ಹ್ಞೂಂ’ ಅಂದ್ರಿ.”

“ನಾನು ಏನು ಮಾಡ್ತಿದ್ದೆ?”

“ಓದಾಕತ್ತಿದ್ರಿ.”

“ಮತ್ತ ಇಷ್ಟು ದಿನ ಯಾಕ ತಿರುಗಿ ಕೊಡಲಿಲ್ಲ?”

“ಮರುದಿನ ಮುಂಜಾನಿ ಅವರನ್ನ ಅಂಗಳದಾಗ ಕುಂಡ್ರಿಸಿದ್ರು. ಆಗ ಹೋಗಿ ನಮ್ಮ ತಂಬಿಗಿ ಕೊಡ್ರಿ ಅನ್ಲೇನು? ಸತ್ತ ಮನಿಗೆ ತಿಂಗಳು ಕಳೆಯೂತನ ಕಬ್ಬಿಣ ಒಯ್ಯಬಾರದು ಅಂತಿದ್ಲು ನಮ್ಮವ್ವ. ನಾಡಿದ್ದು ಒಯ್ಯಬೇಕು ಅಂತ ತಿಕ್ಕಿ ಇಟ್ಟೀನಿ.” ಆಮೇಲೆ ಮೊರ ಕೆಳಗಿಟ್ಟಳು. “ಅವತ್ತು ನಾನು ‘ನಮ್ಮ ಮನಿಗೂ ಅಡ ಬೇಕೇನಣ್ಣ’ ಅಂದೆ. ‘ಬ್ಯಾರೆದೋರಿಗೆ ಒಂದು, ನಿಮಗ ಎರಡು ಇಸ್ಕೋಬೇಕವ್ವ’ ಅಂದ್ರು. ‘ಗರಡಿ ಮನ್ಯಾಗ ಐತಿ ಅನ್ನೋದು ನಿನ್ನ ಗಂಡಗ ಗೊತ್ತಾಗಾಕ ಒಂದು ತಿಂಗಳು ಬೇಕು’ ಅಂದು ನಕ್ಕರು. ಅದ ಕಡೀ ಮಾತು.”

ಹಂಪಯ್ಯ ಹಿತ್ತಲಿಗೆ ಹೋದ. ಗರಡಿ ಅಲ್ಲಿತ್ತು, ಬೂದಿ ಹಾಕಿ ತಿಕ್ಕಿದ ಕೊಕ್ಕೆಗಳು ಹೊಳೆಯುತ್ತಿದ್ದವು. ಅವನು ಗೋಡೆಗೆ ಹಣೆ ಹಚ್ಚಿ ನಿಂತ. ಭುಜ ಅಲುಗುತ್ತಿದ್ದವು. ಶಿವಬಸಮ್ಮನಿಗೆ ಅದು ನಗುವೋ ಅಳುವೋ ತಿಳಿಯಲಿಲ್ಲ.

ಹಂಪಯ್ಯ ತಂದುಕೊಟ್ಟ ಗರಡಿಗೆ ದಾಕ್ಷಾಯಣಮ್ಮ ಮತ್ತೆ ಹಗ್ಗ ಕಟ್ಟಿದಳು. ಗರಡಿ ಇಳಿಯಿತು, ತಿರುಗಿತು. ಕೆಳಗಿನ ನೀರಿನಿಂದ ಟಿಕ್, ಟಿಕ್, ಟಿಕ್ ಎಂದು ಏರಿ ಬಂತು. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಮೇಲೆಳೆದು ಅಂಗಡಿಯ ಗೂಟಕ್ಕೆ ಹಾಕಿ, ತಂಬಿಗೆಯನ್ನು ತೊಳೆದು ಬೆಲ್ಲದ ತುಂಡು ಹಾಕಿ ಮುಂದೆ ಹಿಡಿದಳು.

“ಇರ್ಲಿ ತಂಗೆಮ್ಮ, ಅವನು ಇಟ್ಟುಕೊಂಡ ಕಡೀ ಅಡ,” ಎಂದ ಹಂಪಯ್ಯ.

“ಸಾಮಾನು ಬಂತಂದ್ರ ಅಡ ಹೋಗಬೇಕು. ಅವರ ನೇಮ.”

ಅವನು ತಂಬಿಗೆ ಈಸಿಕೊಂಡು, ಗೆಳೆಯ ಕೊನೆಗೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಆ ಹೊತ್ತಿಗೆ ಊರಮ್ಮ ಸುದ್ದಿ ತಿಳಿದು ಹಿತ್ತಾಳೆ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾ” ಎಂದು ಕರೆದಳು.

ದಾಕ್ಷಾಯಣಮ್ಮ ಬೆರಳು ಮಡಚಿ ಏನೋ ಎಣಿಸುತ್ತಿದ್ದಳು.

“ಇವತ್ತಿಗೆ ಇಪ್ಪತ್ತೊಂಬತ್ತು ದಿನ,” ಎಂದಳು. “ಅವರು ಹೇಳಿದ್ದಕ್ಕಿಂತ ಒಂದು ದಿನ ಮೊದಲ ಗೊತ್ತಾತಲ್ಲ ಅಣ್ಣಾರ. ಶಾಣ್ಯಾ ಆಗೀರಿ.”