ಶೃಂಗಾವತಿಯ ದಿವಾನರು ಅಂಜಿದ್ದರೇ?

ಎಲೈ ವಿದ್ಯಾಧಿದೇವತೆಯೇ! ನಾಲ್ಕು ಉತ್ತರಗಳನ್ನು ಮುಂದಿಟ್ಟು, ಮೂರನ್ನು ಮೋಸಕ್ಕೆಂದೇ ಸಿಂಗರಿಸುವ ಈ ನಿಷ್ಕರುಣ ಸ್ಪರ್ಧಾಯುಗದಲ್ಲಿ, ಕರಿ ಶಾಯಿಯ ಪೆನ್ನನ್ನೇ ಖಡ್ಗವೆಂದು ಹಿಡಿದ ಧಾರವಾಡದ ದಂಪತಿಗಳ ಸಮರವನ್ನು ಹೇಳಹೊರಟಿದ್ದೇನೆ. ನಾಲಗೆ ತಡವರಿಸದಂತೆ ಕಾಪಾಡು!

ಆತ ಮೃತ್ಯುಂಜಯ ಅಂಗಡಿ: ಖಾಸಗಿ ಹೈಸ್ಕೂಲಿನ ಇತಿಹಾಸದ ಮಾಸ್ತರ, ಸಕಲರಾಜವಂಶಾವಳೀಕಂಠಪಾಠಧುರಂಧರ. ಆಕೆ ಆತನ ಧರ್ಮಪತ್ನಿ ದಾಕ್ಷಾಯಣಿ: ಅದೇ ಶಾಲೆಯಲ್ಲಿ ಕನ್ನಡ ಕಲಿಸುವವಳು, ಅಲ್ಪವಿರಾಮಪೂರ್ಣವಿರಾಮಸೂಕ್ಷ್ಮದರ್ಶಿನಿ. ಸರ್ಕಾರಿ ಉಪನ್ಯಾಸಕ ಹುದ್ದೆಯೆಂಬ ಸ್ವರ್ಗವನ್ನು ಗೆಲ್ಲಲು ಇಬ್ಬರೂ ಒಂದೇ ದಿನ ಪರೀಕ್ಷಾರಂಗವನ್ನು ಹೊಕ್ಕರು. ಹಿಂದಿನ ಸಲ ಇಬ್ಬರಿಗೂ ಕೂದಲೆಳೆಯಲ್ಲಿ ತಪ್ಪಿತ್ತು. ವಯೋಮಿತಿಯ ಲೆಕ್ಕದಲ್ಲಿ ಮೃತ್ಯುಂಜಯನಿಗೆ ಇದೇ ಕಡೆಯ ಯುದ್ಧ.

ಎಲ್ಲ ವಿಷಯದವರಿಗೂ ಒಂದೇ ಆದ ಸಾಮಾನ್ಯ ಪತ್ರಿಕೆಯೆಂಬ ಆ ರಣರಂಗದ ನಟ್ಟನಡುವೆ ಒಂದು ಗದ್ಯಭಾಗವು ವ್ಯೂಹ ಹೂಡಿ ಕಾದಿತ್ತು. ಶೃಂಗಾವತಿ ಎಂಬ ಸಂಸ್ಥಾನದಲ್ಲಿ ತೆರಿಗೆ ಏರಿತು, ರೈತರು ಅರಮನೆಯ ಮುಂದೆ ನೆರೆದರು, ಹೆಬ್ಬಾಗಿಲು ಮುಚ್ಚಿತು, ಮರುದಿನ ದಿವಾನರು ಪ್ರಜೆಗಳ ಸಭೆ ಕರೆದರು, ಆ ಸಭೆಗೆ ಕೇಳುವ ಹಕ್ಕಿತ್ತು, ತೀರ್ಮಾನಿಸುವ ಹಕ್ಕಿರಲಿಲ್ಲ. ದಿವಾನರು ಸಭೆ ಕರೆದದ್ದೇಕೆ? ‘ಎ’ ಪ್ರಜಾವಾತ್ಸಲ್ಯದಿಂದ ಎಂದು ಮುಗುಳ್ನಕ್ಕಿತು. ‘ಬಿ’ ಭಯದಿಂದ ಎಂದು ಪಿಸುಗುಟ್ಟಿತು. ‘ಸಿ’ ಕಾಲಹರಣಕ್ಕಾಗಿ ಎಂದು ಕಣ್ಣು ಹೊಡೆಯಿತು. ‘ಡಿ’ ಮೇಲಿನ ಎಲ್ಲವೂ ಎಂದು ತೋಳು ಚಾಚಿ ಕರೆಯಿತು. ಮೃತ್ಯುಂಜಯನು ಬೆವರಿದ, ಕನ್ನಡಕ ಒರೆಸಿಕೊಂಡ, ‘ಸಿ’ಯ ವೃತ್ತವನ್ನು ತುಂಬಿದ.

ಮನೆಗೆ ಮರಳಿ ಚಪ್ಪಲಿ ಬಿಡುವ ಮೊದಲೇ ಮೃತ್ಯುಂಜಯನ ಕಹಳೆ ಮೊಳಗಿತು.

“ದಿವಾನರ ಪ್ರಶ್ನಿಗೆ ಯಾವ್ದು ತುಂಬೀದಿ?”

“ಬಿ. ಅಂಜಿ ಕರದ್ರು.”

“ಅಂಜಿ? ಅಂಜಿದಾಂವ ಓಡಿ ಹೋಗ್ತಾನ, ಸಭಾ ಕರಿಯೂದಿಲ್ಲ!”

“ಬಾಗಲಾ ಹಾಕ್ಕೊಂಡು ಒಳಗ ಕುಂತವರಿಗೆ ಧೈರ್ಯವಂತರು ಅಂತಾರೇನ್ರೀ?”

ಆಗ ಆ ಇತಿಹಾಸಕೇಸರಿಯು ಎದೆಯುಬ್ಬಿಸಿ ಗರ್ಜಿಸಿದ: “ದಿವಾನಗಿರಿ ಅಂದ್ರ ಏನು ಅಂತ ನನಗ ಹೇಳಬ್ಯಾಡ. ತೀರ್ಮಾನಾ ಮಾಡೂ ಹಕ್ಕ ಇಲ್ಲದ ಸಭಾ ಅಂದ್ರ ಬರೇ ಹೊತ್ತು ಕಳಿಯೂ ಹುನ್ನಾರ. ಇಂಥಾ ದಿವಾನರನ್ನ ನಾ ಅರದು ಕುಡದೀನಿ. ಶೃಂಗಾವತಿ ದಿವಾನರ ಚರಿತ್ರಿನೂ ಓದೀನಿ!”

ದಾಕ್ಷಾಯಣಿ ಪ್ರಶ್ನೆಪತ್ರಿಕೆಯನ್ನು ತಿರುವಿ, ಗದ್ಯಭಾಗದ ಬುಡದಲ್ಲಿ ಇರುವೆಯಷ್ಟು ಸಣ್ಣಗೆ ಅಚ್ಚಾದ ಸಾಲಿನ ಮೇಲೆ ಬೆರಳಿಟ್ಟಳು.

“‘ಈ ಸಂಸ್ಥಾನ ಕಾಲ್ಪನಿಕ’ ಅಂತೈತ್ರೀ.”

ಕೇಸರಿಯು ನೀರು ಕುಡಿಯಲು ಒಳಗೆ ಹೋಯಿತು.

ಆದರೆ ಸೋಲೊಪ್ಪುವುದು ಶೂರರ ಕುಲಧರ್ಮವಲ್ಲ. ಅಂದಿನಿಂದ ಆ ಮನೆಯಲ್ಲಿ ಚಹಾ ಬೇರೆ ಬೇರೆ ಕುದಿಯಿತು. ಶಾಲೆಯ ಸ್ಟಾಫ್ ರೂಮು ಸಿ-ಪಕ್ಷ, ಬಿ-ಪಕ್ಷಗಳಾಗಿ ಸೀಳಿಹೋಯಿತು. ಜಗಳದ ಒಳಗೆ ಇಬ್ಬರಿಗೂ ಒಂದೇ ಅಳುಕಿತ್ತು: ಈ ಒಂದು ಅಂಕದಲ್ಲಿ ಒಬ್ಬರು ದಾಟಿ ಇನ್ನೊಬ್ಬರು ಉಳಿದುಬಿಟ್ಟರೆ?

ಹೀಗಿರಲು ತಾತ್ಕಾಲಿಕ ಕೀ ಉತ್ತರ ಪ್ರಕಟವಾಯಿತು. ದಂಪತಿಗಳು ಒಂದೇ ಮೊಬೈಲಿನ ಮೇಲೆ ಬಾಗಿದರು. ಉತ್ತರ: ‘ಎ’. ಪ್ರಜಾವಾತ್ಸಲ್ಯ!

“ವಾತ್ಸಲ್ಯ ಅಂತ!” ಎಂದಳು ದಾಕ್ಷಾಯಣಿ. “ಬಾಗಲಾ ಹಾಕಿದ್ದು ವಾತ್ಸಲ್ಯಕ್ಕ ಏನ್ರೀ?”

“ನಿನ್ನ ‘ಬಿ’ಯನ್ನಾದ್ರೂ ಒಪ್ಪಬಹುದಿತ್ತಲೇ. ಇದನ್ನ ಹೆಂಗ ಒಪ್ಪೂದು?”

ಸಮಾನಶತ್ರುವು ಎದುರಾದಾಗ ಬದ್ಧವೈರಿಗಳೂ ಬಂಧುಗಳಾಗುವರಷ್ಟೆ. ಊಟದ ತಟ್ಟೆಗಳನ್ನು ಸರಿಸಿ ಇಬ್ಬರೂ ಆಕ್ಷೇಪಣೆ ಬರೆಯಲು ಕೂತರು. ಆತ ‘ಸಿ’ಯ ಪರವಾಗಿ ಎರಡು ಪುಟಗಳ ರಾಜನೀತಿಯನ್ನು ಸುರಿಸಿದ; ಆಕೆ ಆತನ ಕಾಗುಣಿತ ತಿದ್ದಿ, ‘ಬಿ’ಯ ಪರವಾಗಿ ನಾಲ್ಕೇ ಸಾಲು ಬರೆದಳು. ಒಂದೇ ಮನೆಯಿಂದ ಎರಡು ಬಾಣಗಳು ಪರಸ್ಪರ ವಿರುದ್ಧವಾದ ವಾದ ಹೊತ್ತು ಪರೀಕ್ಷಾ ಕಚೇರಿಗೆ ಹಾರಿದವು.

ಅಂತಿಮ ಕೀ ಉತ್ತರ ಬಂತು. ಯಾರ ಬಾಣ ತಾಗಿತೋ, ಕಚೇರಿಯೇ ಬೇಸತ್ತಿತೋ, ಪ್ರಶ್ನೆಯನ್ನೇ ಕೈಬಿಟ್ಟು ಎಲ್ಲರಿಗೂ ಒಂದು ಕೃಪಾಂಕ ಕೊಟ್ಟಿದ್ದರು. ‘ಎ’ ಎಂದವರಿಗೂ ಒಂದು, ‘ಡಿ’ ಎಂದವರಿಗೂ ಒಂದು, ಓದಲು ಪುರಸೊತ್ತಾಗದೆ ಖಾಲಿ ಬಿಟ್ಟವರಿಗೂ ಒಂದು. ಎಲ್ಲರ ಅಂಕವೂ ಏರಿದ್ದರಿಂದ ಕಟ್-ಆಫ್ ಕೂಡ ಒಂದು ಅಂಕ ಏರಿ ಕೂತಿತು.

ಆಯ್ಕೆಪಟ್ಟಿಯಲ್ಲಿ ಇಬ್ಬರ ಹೆಸರೂ ಇತ್ತು. ಇಬ್ಬರೂ ಗೆರೆಯನ್ನು ಆರಾಮವಾಗಿ ದಾಟಿದ್ದರು. ಮೃತ್ಯುಂಜಯನು ಪಟ್ಟಿಯನ್ನು ಮತ್ತೆ ಮತ್ತೆ ನೋಡಿದ. ಕಣ್ಣು ಒದ್ದೆಯಾಗಿದ್ದನ್ನು ಹೆಂಡತಿ ಕಂಡಳು, ಕಾಣದವಳಂತೆ ಗ್ಯಾಸ್ ಕಟ್ಟೆ ಒರೆಸಿದಳು.

“ಹಂಗಾದ್ರ ಆ ಪ್ರಶ್ನಿ ತಪ್ಪಿದ್ರೂ ನಡೀತಿತ್ತು?”

“ನಡೀತಿತ್ತರೀ.”

“ಇಬ್ಬರ್ದೂ?”

“ಇಬ್ಬರ್ದೂ. ಈಗರ ಮಾರ್ಕೆಟ್ಟಿಗೆ ಹೋಗಿ ಬರ್ರಿ. ಮನ್ಯಾಗ ಉಳ್ಳಾಗಡ್ಡಿ ಇಲ್ಲ.”

ದಿವಾನಮರ್ಮಭೇದನಪ್ರಚಂಡನು ಕೈಚೀಲ ಹುಡುಕಿಕೊಂಡು, “ಎಷ್ಟ್ ತರ್ಲಿ?” ಎಂದು ಕೇಳಿ, ಮೆಟ್ಟಿಲಿಳಿದ.