ಮಾಮನ ಗುಟ್ಟಿನ ಭಾಷೆಯೂ ಅತ್ತೆಯ ಕಿವಿ ಮಿಷನ್ನೂ

ನಮ್ಮ ಮಾಮನ ಎಟಿಎಂ ಪಿನ್ ನಂಬರು ಗೊತ್ತಿಲ್ಲದವರು ಚಿನ್ನಮನೂರಿನಲ್ಲಿ ಯಾರಾದರೂ ಇದ್ದರೆ, ಅವರು ಇನ್ನೂ ತೊಟ್ಟಿಲಿನಲ್ಲಿರಬೇಕು! ಬ್ಯಾಂಕಿನವರು ಅದನ್ನು ಅಂಟಿಸಿದ ಲಕೋಟೆಯಲ್ಲೇ ಕಳಿಸಿದ್ದರು, ನಿಜ. ಆದರೆ ಮಾಮ ಕನ್ನಡಕ ಹಾಕುವುದಿಲ್ಲ, ಹಾಗಾಗಿ ಗುಂಡಿ ಒತ್ತುವುದು ಅತ್ತೆಯ ಕೆಲಸ. ಅತ್ತೆಗೆ ಕಿವಿ ಮಂದ, ಹಾಗಾಗಿ ಕೂಗುವುದು ಮಾಮನ ಕೆಲಸ. ಅತ್ತೆ ಹೊರಗೆ ಓಡಾಡುತ್ತಿದ್ದ ದಿನಗಳಲ್ಲಿ ಒಂದೊಂದು ಅಂಕಿಯೂ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುತ್ತಿತ್ತು.

"ಮಾಮಾ, ಹಿಂದೆ ಜನ ನಿಂತವ್ರೆ" ಅಂದೆ.

"ನಿಂತ್ಕಳ್ಳಿ ಬುಡವ್ವ. ನಮ್ಮ ಮಾತು ಅವ್ರಿಗೇನ್ ತಿಳೀತದೆ? ತಮಿಳ್ನೋರು!"

ಇದು ಮಾಮನ ಸಿದ್ಧಾಂತ. ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ನಾವು ಎಷ್ಟೋ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದವರು. ಬೀದಿಗೆ ತಮಿಳು, ಒಲೆ ಮುಂದೆ ಕನ್ನಡ. ನಮ್ಮ ಕನ್ನಡ ಇಲ್ಲಿಯವರಿಗೆ ಅರ್ಥವಾಗದು, ಕರ್ನಾಟಕದವರಿಗೂ ಅರ್ಧಂಬರ್ಧ. ಆದ್ದರಿಂದ ಲೋಕದಲ್ಲಿ ಇದಕ್ಕಿಂತ ಗಟ್ಟಿಯಾದ ಬೀಗವಿಲ್ಲ ಎಂದು ಅವರ ವಾದ. ಅಂಕಿಗಳ ವಿಷಯದಲ್ಲಿ ತಮಿಳೂ ಕನ್ನಡವೂ ಒಡಹುಟ್ಟಿದ ಅಕ್ಕತಂಗಿಯರು ಎಂಬುದು ಮಾತ್ರ ಅವರ ತಲೆಗೆ ಹೊಳೆದೇ ಇಲ್ಲ. ಒಮ್ಮೆ ಅತ್ತೆ ತಪ್ಪು ಒತ್ತಿದಾಗ ಬಾಗಿಲಲ್ಲಿದ್ದ ಕಾವಲುಗಾರನೇ ತಮಿಳಿನಲ್ಲಿ, "ಅಮ್ಮಾ, ಕೊನೆಯದು ಏಳಲ್ಲ, ಎಂಟು" ಎಂದು ತಿದ್ದಿದ. ಮಾಮ ನನ್ನ ಕಡೆ ತಿರುಗಿ, "ಎಷ್ಟು ಒಳ್ಳೆ ಮನ್ಸ ನೋಡವ್ವ!" ಅಂದರು.

ಅಂದೇ ನಂಬರು ಬದಲಿಸಿಕೊಟ್ಟೆ. ನೀವೂ ಆಗಾಗ ಬದಲಿಸುತ್ತಿರಿ. ನಾನು ಸೈಕಲ್ಲಿನಲ್ಲಿ ಪಾತ್ರೆ ಕಟ್ಟಿಕೊಂಡು ಊರೂರು ಸುತ್ತಿ, ಈಗ ಚಿನ್ನಮನೂರಿನಲ್ಲಿ ಸ್ವಂತ ಪಾತ್ರೆ ಅಂಗಡಿ ಇಟ್ಟವಳು. ಸಲಹೆ ಕೊಡದೆ ಇದ್ದರೆ ನನಗೆ ಉಂಡ ಅನ್ನ ಜೀರ್ಣವಾಗುವುದಿಲ್ಲ.

ಮೊಬೈಲಿನ ಬಗ್ಗೆಯೂ ಮಾಮನಿಗೆ ಖಚಿತ ಅಭಿಪ್ರಾಯವಿದೆ. ಒಂದು ದಿನ ಬೋರ್ ಮೋಟಾರು ಕೆಟ್ಟಿದೆಯೆಂದು ಯಾರೊಡನೆಯೋ ತಮಿಳಿನಲ್ಲಿ ಹೇಳಿದರಂತೆ. ಸಂಜೆಯೊಳಗೆ ಫೋನಿನ ತುಂಬ ಮೋಟಾರಿನ ಜಾಹೀರಾತು! ಅಂದಿನಿಂದ ಮಾರ್ಕಯನ್‌ಕೋಟ್ಟೈಯ ಅವರ ಮನೆಯಲ್ಲಿ ಫೋನಿನ ಎದುರು ತಮಿಳು ನಿಷೇಧ. ಹಾಗೂ ಫೋನಿನ ದಾರಿ ತಪ್ಪಿಸಬೇಕೆಂದು ಆಗಾಗ ಅದರ ಬಾಯಿಯ ಹತ್ತಿರ ಬಗ್ಗಿ, "ಒಂಟೆ ಕೊಳ್ಳೋಣ ಅಂತಿದ್ದೇನೆ" ಎಂದು ತಮಿಳಿನಲ್ಲಿ ಸುಳ್ಳು ಹೇಳುತ್ತಾರೆ. ಟಿವಿಯಲ್ಲಿ ರಾಜಕೀಯದ ಚರ್ಚೆ ಶುರುವಾದರೆ ಇನ್ನೂ ಎಚ್ಚರ. ಫೋನನ್ನು ಅಕ್ಕಿ ಡ್ರಮ್ಮಿನಲ್ಲಿ ಹೂತು ಮುಚ್ಚಳ ಹಾಕಿ, ಆಮೇಲೆ ಮಂತ್ರಿಗಳನ್ನು ಒಬ್ಬೊಬ್ಬರಾಗಿ ಬೈದು ಮನೆಗೆ ಕಳಿಸುತ್ತಾರೆ. ನೀವು ಆಗ ಫೋನ್ ಮಾಡಿದರೆ ಅಕ್ಕಿ ರಿಂಗಾಗುತ್ತದೆ!

ಇಷ್ಟಾದರೂ, ಅಂಗಡಿಯಲ್ಲಿ ನಮ್ಮ ಮಾತು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ವ್ಯಾಪಾರಿಯ ಎದುರೇ ನಿಂತು "ಇನ್ನೂ ಇಳೀತಾನೆ, ಎದ್ದೋಗೋ ಥರ ಮಾಡು" ಎಂದು ಮನೆಯವರು ಮಾತಾಡಿಕೊಳ್ಳುವುದು ನಮ್ಮ ಕುಲಾಚಾರ. ಆದರೆ ತೇನಿಯ ಫ್ಯಾನಿನ ಅಂಗಡಿಯಲ್ಲಿ ಮಾಮ ಒಂದು ಹೆಜ್ಜೆ ಮುಂದೆ ಹೋದರು.

"ಮೂಗು ನೋಡವ್ವ ಇವಂದು. ಬೆಲೆ ಇಳಿಸೋ ಮೂಗೇ ಅಲ್ಲ ಇದು."

ಅಂಗಡಿಯವ ಫ್ಯಾನ್ ಕೆಳಗಿಟ್ಟು ಅಚ್ಚ ನಮ್ಮ ಮಾತಿನಲ್ಲೇ ಅಂದ: "ಮೂಗು ನಮ್ಮಪ್ಪಂದು ಮಾಮಾ. ಬೆಲೆ ನಂದು. ಕೂತ್ಕಳಿ, ಕಾಫಿ ಯೋಳ್ತೀನಿ."

ಕಂಬಂನವನು, ನಮ್ಮವನೇ! ವಿಚಾರಿಸಿದರೆ ದೂರದ ನಂಟಸ್ತಿಕೆಯೂ ಹೊರಬಿತ್ತು. ನಂಟನ ಹತ್ತಿರ ಚೌಕಾಸಿ ಮಾಡುವುದುಂಟೇ? ಕಾಫಿ ಕುಡಿದು, ಹೇಳಿದ ಬೆಲೆ ತೆತ್ತು ಬಂದೆವು. ಆದ್ದರಿಂದ ಮೊದಲು ಅಂಗಡಿಯವನ ಊರು ಕೇಳಿ, ಅವನ ಮೂಗಿನ ವಿಚಾರ ಆಮೇಲೆ.

ಅತ್ತೆಯ ಕಿವಿಯ ಸಂಗತಿ ಮಾತ್ರ ನಗುವಂಥದ್ದಾಗಿರಲಿಲ್ಲ. ಮೂರು ವರ್ಷದಿಂದ ಕೇಳುವುದು ಕಡಿಮೆಯಾಗುತ್ತಾ ಬಂದು, ಯಾರು ಏನೆಂದರೂ ನಕ್ಕುಬಿಡುವುದನ್ನು ಅವರು ರೂಢಿಸಿಕೊಂಡಿದ್ದರು. ಪಕ್ಕದ ಮನೆಯಾಕೆ ಬಂದು ತನ್ನ ತಮ್ಮ ತೀರಿಹೋದದ್ದನ್ನು ಹೇಳಿದಾಗಲೂ ಅತ್ತೆ ನಕ್ಕರು. ಆಮೇಲೆ ವಿಷಯ ತಿಳಿದ ಮೇಲೆ ಹೊಸಿಲು ದಾಟುವುದನ್ನೇ ನಿಲ್ಲಿಸಿದರು. ಮದುವೆಯಿಲ್ಲ, ಪಳನಿ ಯಾತ್ರೆಯಿಲ್ಲ, ನನ್ನ ಅಂಗಡಿಗೂ ಇಲ್ಲ.

ದಿಂಡಿಗಲ್ಲಿನ ಒಂದು ಅಂಗಡಿಯಲ್ಲಿ ಕಿವಿ ಮಿಷನ್ ಕೊಂಡೆವು. ಅಂಗಡಿಯ ಯಜಮಾನ ಅತ್ತೆಯ ಎದುರು ಕೂತು ತಮಿಳಿನಲ್ಲಿ ಹತ್ತು ಪ್ರಶ್ನೆ ಕೇಳಿದ. ಹತ್ತಕ್ಕೂ ಉತ್ತರ! ಮನೆಗೆ ಬಂದರೆ ಮಾಮ ಅಂಗಳದಿಂದ ಕರೆದದ್ದು ಕೇಳಿಸಲಿಲ್ಲ, ಬೆನ್ನ ಹಿಂದೆ ಕರೆದದ್ದೂ ಕೇಳಿಸಲಿಲ್ಲ. ವಾರದೊಳಗೆ ಅತ್ತೆ ಮಿಷನ್ನನ್ನು ಡಬ್ಬಿಗೆ ಹಾಕಿ, "ನಂಗೆ ಬ್ಯಾಡ. ಇಂಗೇ ಇದ್ಬುಡ್ತೀನಿ" ಅಂದುಬಿಟ್ಟರು.

ಮಾಮ ಎರಡು ಮೂರು ವಾರ ಆಲೋಚಿಸಿ ಕಾರಣ ಕಂಡುಹಿಡಿದರು. "ಮಿಷನ್‌ಗೆ ತಮಿಳು ಮಾತ್ರ ಕಲ್ಸವ್ರೆ ಅವ್ವ. ನಮ್ಮ ಮಾತು ಬರಾಕಿಲ್ಲ ಅದಕ್ಕೆ!"

ನಾನು ಬಿಲ್ಲು ಹುಡುಕಿದೆ. ಮಾರಿದ ಮಾಲು ಹಿಂತೆಗೆದುಕೊಳ್ಳುವುದಿಲ್ಲ ಎಂದು ಗೋಡೆಯಲ್ಲಿ ಆನೆಯಷ್ಟು ಅಕ್ಷರದಲ್ಲಿ ಬರೆದಿರುತ್ತಾರೆ, ನೋಡಿ. ನಮಗೆ ಬೇಕಾದದ್ದು ಬಿಲ್ಲಿನ ಬೆನ್ನಲ್ಲಿ ಇರುವೆಯಷ್ಟು ಅಕ್ಷರದಲ್ಲಿರುತ್ತದೆ! ಇತ್ತು: ಒಂದು ತಿಂಗಳೊಳಗೆ ಸರಿಹೋಗದಿದ್ದರೆ ಮತ್ತೆ ಪರೀಕ್ಷಿಸಿ ಬದಲಿಸಿ ಕೊಡುವುದು. ಉಳಿದಿದ್ದದ್ದು ನಾಲ್ಕೇ ದಿನ. ಮರುದಿನವೇ ಅತ್ತೆಯನ್ನು ಬಲವಂತವಾಗಿ ಹೊರಡಿಸಿದೆವು. "ಇದೇ ಕಡೇದು. ಇನ್ನೊಂದ್ ಸಲ ಕರೀಬೇಡಿ" ಎಂದು ಹೇಳಿಯೇ ಬಸ್ಸು ಹತ್ತಿದರು.

ಯಜಮಾನ ಮಿಷನ್ ಸರಿಯಾಗಿದೆ ಅಂದ. ನಾನು ಬಿಲ್ಲನ್ನು ಮಗುಚಿ ಇಟ್ಟೆ. ಅವನು ಗೋಡೆ ತೋರಿಸಿದ, ನಾನು ಗ್ರಾಹಕರ ನ್ಯಾಯಾಲಯ ಇರುವ ದಿಕ್ಕು ತೋರಿಸಿದೆ. ದಿಕ್ಕು ಸರಿಯಾಗಿತ್ತೋ ಇಲ್ಲವೋ, ಅವನು ಮೆತ್ತಗಾಗಿ, ಕಿವಿ ಪರೀಕ್ಷೆ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹೆಣ್ಣುಮಗಳನ್ನು ಒಳಗಿನಿಂದ ಕರೆದ. ಆಕೆ ತಮಿಳಿನಲ್ಲಿ ಕೇಳಿದಳು, ಅತ್ತೆ ಹೇಳಿದರು. ಮತ್ತೆ ಹತ್ತಕ್ಕೆ ಹತ್ತು! ನಾನು ಬಿಲ್ಲನ್ನು ಮಡಚತೊಡಗಿದೆ.

"ನಮ್ಮ ಮಾತಲ್ಲಿ ಕೇಳ್ಲಿ" ಅಂದರು ಮಾಮ.

ಆಕೆಗೆ ಬಾರದು. ಹಾಗಾದರೆ ನಾನೇ ಕೇಳುತ್ತೇನೆಂದು ಮಾಮ ಎದ್ದರು. ಹೆಂಡತಿಯ ಮುಖ ನೋಡಿಕೊಂಡು ಪರೀಕ್ಷೆ ಮಾಡಲು ನಾಚಿಕೆಯಾಗಿ, ಅವರ ಕುರ್ಚಿಯ ಹಿಂದೆ ಹೋಗಿ ನಿಂತರು. "ಎಮ್ಮೆ" ಅಂದರು. ಅತ್ತೆ ಅಲುಗಲಿಲ್ಲ. "ಒನಕೆ." ಇಲ್ಲ. "ನೋಡಿದ್ರಾ! ಕನ್ನಡ ಬರಲ್ಲ ಇದಕ್ಕೆ!"

ಯಜಮಾನ ನಕ್ಕ. ನಾನೂ ತಲೆ ತಗ್ಗಿಸಿದೆ. ಆದರೆ ಆ ಹೆಣ್ಣುಮಗಳು ನಗಲಿಲ್ಲ. ಒಂದು ಕಾಗದವನ್ನು ಬಾಯಿಗೆ ಅಡ್ಡ ಹಿಡಿದು ಮತ್ತೆ ತಮಿಳಿನಲ್ಲಿ ಕೇಳಿದಳು. ಅತ್ತೆ ಸುಮ್ಮನೆ ಕೂತಿದ್ದರು. ಇಷ್ಟು ದಿನ ಅವರು ಕೇಳಿದ್ದು ಕಿವಿಯಿಂದಲ್ಲ, ಎದುರಿಗಿದ್ದವರ ತುಟಿಯಿಂದ! ಮಿಷನ್ನಿಗೆ ತಮಿಳೂ ಬಾರದು, ಕನ್ನಡವೂ ಬಾರದು. ಅದರೊಳಗೆ ಜೀವವೇ ಇರಲಿಲ್ಲ.

ಯಜಮಾನ ಬೇರೆ ಮಿಷನ್ ತಂದ. ಆಕೆ ಅದನ್ನು ಕಂಪ್ಯೂಟರಿಗೆ ಸೇರಿಸಿ, ಅತ್ತೆಯ ಕಿವಿಗೆ ಹೊಂದಿಸಿ, "ಅಯ್ಯಾ, ಹಿಂದೆಯೇ ನಿಂತು ಏನಾದರೂ ಮಾತಾಡಿ. ಕೂಗಬೇಡಿ" ಅಂದಳು.

ಮಾಮನಿಗೆ ಎಮ್ಮೆ, ಒನಕೆ ಎಲ್ಲ ಮರೆತುಹೋಗಿರಬೇಕು. ನಾನು ಹುಟ್ಟಿದಾಗಿನಿಂದ ಕೇಳಿರದ ಒಂದು ಮೆಲುದನಿಯಲ್ಲಿ ಹೇಳಿದರು: "ಮೂರ್ ವರ್ಸ ಆತಲ್ಲೇ, ನಿನ್ ಜೊತೆ ಜಗಳಾಡಿ."

ಅತ್ತೆಯ ಬೆನ್ನು ನೆಟ್ಟಗಾಯಿತು. ತಿರುಗಿ ನೋಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಅದ್ಕೆ ದಿಂಡಿಗಲ್ಲಿಗೆ ಬರ್ಬೇಕಿತ್ತಾ? ಮನೆಗೆ ನಡೀರಿ, ಆಡಾಣ" ಅಂದರು.

"ಏನೆಂದರು?" ಎಂದು ಆ ಹೆಣ್ಣುಮಗಳು ನನ್ನನ್ನು ತಮಿಳಿನಲ್ಲಿ ಕೇಳಿದಳು. ಮಿಷನ್ ಸರಿಯಾಗಿದೆ ಅಂತೆ ಎಂದೆ.