ಅಣ್ಣನ ಎದುರಿಗೇ ನನ್ನನ್ನು ಕೂರಿಸಿದ ಬಿಯರ್ ಅಂಗಡಿಯ ಒಡತಿಗೆ

ಆಸ್ಟೋರಿಯಾ, ಆರೆಗನ್

ಮಾನ್ಯರೇ,

‘ಓರೆ ಹಲಗೆ’ ಬಾಟಲಿ ಅಂಗಡಿಗೂ, ಅದರ ಹಿತ್ತಲಲ್ಲಿ, ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಬಳ್ಳಿಯ ನೆರಳಿನಲ್ಲಿರುವ ಬಿಯರ್ ತೋಟಕ್ಕೂ ಏಕಮಾತ್ರ ಒಡತಿಯಾದ ಶ್ರೀಮತಿ ಜೋಡಿ ಪೆಟ್ರಿಕ್ ಅವರ ಸನ್ನಿಧಾನಕ್ಕೆ, ನಿವೃತ್ತ ದೋಣಿ ಮೆಕ್ಯಾನಿಕ್ ರೂಡಿ ಕೊಸ್ಕೆಲಾ ತಲೆಬಾಗಿ ಸಲ್ಲಿಸುವ ದೂರು. ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ.

ತಮ್ಮ ಅಂಗಡಿಯ ಬಗ್ಗೆ ಎರಡು ಮಾತಿಲ್ಲ. ಸುತ್ತಮುತ್ತಲ ಊರುಗಳ ಸಣ್ಣಪುಟ್ಟ ಭಟ್ಟಿಗಳ ನಾನೂರು ಬಗೆಯ ಬಿಯರನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿ, ಬಂದವರನ್ನು “ಇವತ್ತು ಕಹಿ ಬೇಕೋ, ಹುಳಿ ಬೇಕೋ? ಮನಸ್ಸು ಹೇಗಿದೆ ಹೇಳಿ” ಎಂದು ವಿಚಾರಿಸುವ ತಮ್ಮ ಕಳಕಳಿ ನಮ್ಮ ಡಾಕ್ಟರಿಗೂ ಇಲ್ಲ. ತಕರಾರು ಇರುವುದು ತೋಟದ ಆ ಉದ್ದನೆಯ ಮೇಜಿನ ಬಗ್ಗೆ.

ಊರಿಗೆಲ್ಲ ಗೊತ್ತಿರುವಂತೆ, ನಾನೂ ನನ್ನ ಅಣ್ಣ ಆರ್ನಿಯೂ ಒಂಬತ್ತು ವರ್ಷದಿಂದ ಮಾತಾಡುತ್ತಿರಲಿಲ್ಲ. ನಮ್ಮ ಗ್ಯಾರೇಜಿನಲ್ಲಿ ಇಬ್ಬರೂ ಸೇರಿ ಕುದಿಸಿದ ಬಿಯರನ್ನು ಅವನು ಜಿಲ್ಲಾ ಸ್ಪರ್ಧೆಗೆ ತನ್ನೊಬ್ಬನ ಹೆಸರಿನಲ್ಲಿ ಕಳಿಸಿ, ಮೊದಲ ಬಹುಮಾನದ ನೀಲಿ ರಿಬ್ಬನ್ನನ್ನು ಎದೆಗೆ ಚುಚ್ಚಿಕೊಂಡು ಊರೆಲ್ಲ ತಿರುಗಿದ. ಅಯ್ಯೋ, ನನ್ನ ಹೊಟ್ಟೆ ಹೇಗೆ ಉರಿಯಿತೆಂದು ಕೇಳಬೇಡಿ! ಆ ಬಿಯರಿನ ಕೊನೆಯ ಬಾಟಲಿಯೊಂದು ನನ್ನ ನೆಲಮಾಳಿಗೆಯಲ್ಲಿ ಉಳಿದಿತ್ತು. ಹಾಪ್ಸ್ ಹೂವಿನ ಘಮಕ್ಕಾಗಿಯೇ ಮಾಡಿದ ಬಿಯರನ್ನು ಮೂರು ತಿಂಗಳೊಳಗೆ ಕುಡಿದು ಮುಗಿಸಬೇಕೆಂದು ಚೆನ್ನಾಗಿ ಗೊತ್ತಿದ್ದೂ, ಹಠಕ್ಕೆ ಬಿದ್ದು ಅದರ ಮುಚ್ಚಳ ತೆಗೆಯಲಿಲ್ಲ.

ಹೀಗಿರುವಾಗ ತಾವು ಶನಿವಾರ ಮಧ್ಯಾಹ್ನ ಬಾಟಲಿ ಹಂಚಿಕೆ ಏರ್ಪಡಿಸಿದಿರಿ. ಪ್ರತಿಯೊಬ್ಬರೂ ಜೋಪಾನ ಮಾಡಿಟ್ಟ ಒಂದು ಬಾಟಲಿ ತರಬೇಕು, ಮೇಜಿನವರಿಗೆಲ್ಲ ಎರಡೆರಡು ಗುಟುಕು ಸುರಿಯಬೇಕು, ಯಾರೂ ಯಾರದ್ದನ್ನೂ ಬೇಡವೆನ್ನಬಾರದು. ಅಣ್ಣ ಬರುತ್ತಾನೆಂದು ತಿಳಿದೇ ನಾನು ಆ ಬಾಟಲಿ ಹಿಡಿದು ಬಂದೆ. ಇದರಲ್ಲಿ ನನ್ನ ಪಾಲೂ ಇತ್ತೆಂದು ಸಾರಿ, ಹದಿನಾಲ್ಕು ಜನರ ಮುಂದೆ ಅವನ ಮಾನ ಕಳೆಯುವುದು ನನ್ನ ಸದುದ್ದೇಶವಾಗಿತ್ತು. ತಾವೋ, “ಇಲ್ಲೊಂದು ಜಾಗ ಇದೆ, ಕೂತ್ಕೊಳ್ಳಿ ರೂಡಿ” ಎಂದು ನೇರ ಅವನ ಎದುರಿಗೇ ಕೂರಿಸಿದಿರಿ.

ಸುರಿದೆ. ಘಮ ಸತ್ತು ಎಷ್ಟೋ ಕಾಲವಾಗಿತ್ತು, ಒದ್ದೆ ರಟ್ಟಿನ ವಾಸನೆ. ತಮ್ಮ ಗಿರಾಕಿಗಳು ಎಂಥ ಸಭ್ಯರೆಂದರೆ, ಅದನ್ನೂ ಮೂಗಿಗೆ ಹಿಡಿದು ತಲೆದೂಗಿದರು. “ಹಳೇ ಲೈಬ್ರರಿ ನೆನಪಾಗುತ್ತೆ, ಅಲ್ವಾ?” ಎಂದರು ಗಡ್ಡದವರೊಬ್ಬರು. ಆರ್ನಿ ಮಾತ್ರ ಒಂದು ಗುಟುಕಿಗೇ ಮುಖ ಕಿವುಚಿದ.

“ಥೂ! ಏನೋ ಇದು? ನಮ್ಮದೇನೋ?”

“ಹೌದು, ನಮ್ಮದೇ.”

“ಇಷ್ಟು ವರ್ಷ ಯಾಕೋ ಇಟ್ಕೊಂಡಿದ್ದೆ, ಪೆದ್ದ?”

“ನೀನು ಬರ್ತೀಯ ಅಂತ.”

ಈ ಮಾತನ್ನು ನಾನು ಆಡಬೇಕೆಂದಿರಲಿಲ್ಲ. ಬೈಗುಳ ಬಾಯಿಪಾಠ ಮಾಡಿಕೊಂಡು ಬಂದಿದ್ದೆ, ಒಂದೂ ನಾಲಿಗೆಗೆ ಬರಲಿಲ್ಲ. ಅಣ್ಣ ಆ ದರಿದ್ರ ಬಿಯರನ್ನು ತಳದವರೆಗೂ ಕುಡಿದ, ಮತ್ತೆ ಲೋಟ ಮುಂದೆ ಚಾಚಿದ. ನಾನು ಸುರಿಯುವಾಗ ಬಾಟಲಿಯ ತಳಕ್ಕೆ ಅವನೂ ಕೈ ಕೊಟ್ಟ.

ಇದರಿಂದ ನನಗಾದ ನಷ್ಟವನ್ನು ದಯವಿಟ್ಟು ಗಮನಿಸಬೇಕು. ಅಷ್ಟು ವರ್ಷ ಸಾಕಿ ಸಲಹಿದ ಸಿಟ್ಟು ಒಂದೇ ಮಧ್ಯಾಹ್ನದಲ್ಲಿ ಕೈಬಿಟ್ಟು ಹೋಗಿದೆ. ಈಗ ಅಣ್ಣ ದಿನಾ ಮನೆಗೆ ಬರುತ್ತಾನೆ, ನನ್ನ ಬ್ರೆಡ್ಡು, ಹೊಗೆಯಾಡಿಸಿದ ಸಾಲ್ಮನ್ ಮೀನು ಎಲ್ಲ ಖಾಲಿ ಮಾಡುತ್ತಾನೆ, ಗ್ಯಾರೇಜು ಗುಡಿಸಿಲ್ಲವೆಂದು ಗದರುತ್ತಾನೆ. ಆದ್ದರಿಂದ ನನ್ನ ಸಿಟ್ಟನ್ನು ಹುಡುಕಿ, ತಣ್ಣಗಿನ ಜಾಗದಲ್ಲಿಟ್ಟು ಮರಳಿಸಬೇಕು. ಉದ್ದನೆಯ ಮೇಜನ್ನು ಗರಗಸದಿಂದ ಕೊಯ್ದು ಒಬ್ಬೊಬ್ಬರು ಕೂರುವ ತುಂಡುಗಳನ್ನಾಗಿ ಮಾಡಬೇಕು. ಜಗಳ ಆಡಿದವರು ಯಾರೆಂದು ಬಾಗಿಲಲ್ಲೇ ಕೇಳಿ, ಅಂಥವರನ್ನು ನದಿಯ ಆಚೆ ದಡದಲ್ಲಿ ಕೂರಿಸಬೇಕು. ಸಂಜೆ ಬಿಸಿಲು ಅಷ್ಟು ಹಿತವಾಗಿ ಬೀಳದಂತೆ ಸೂರ್ಯನ ಜೊತೆಗೂ ಒಮ್ಮೆ ಮಾತಾಡಿದರೆ ಉಪಕಾರವಾಗುತ್ತದೆ.

ತಮ್ಮ ತೋಟದಿಂದ ಪೂರ್ತಿ ಹಾಳಾದ, ಆದರೂ ತಮ್ಮ ವಿಶ್ವಾಸಿ,
ರೂಡಿ ಕೊಸ್ಕೆಲಾ

ತಾ. ಕ.: ಈ ಪತ್ರದ ಒಳ್ಳೆಯ ವಾಕ್ಯಗಳನ್ನೆಲ್ಲ ಹೇಳಿಕೊಟ್ಟವನು ಅಣ್ಣ. “ನನ್ನ ಹೆಸರೂ ಹಾಕೋ” ಎಂದು ಪಕ್ಕದಲ್ಲೇ ಕೂತು ಪ್ರಾಣ ತಿನ್ನುತ್ತಿದ್ದಾನೆ. ಹಾಕುವುದಿಲ್ಲ.